ಇಬ್ಬರೇ ಹೋದರೆ: ಎಸ್ಕೇಪ್ ರೂಮ್, ಒಗಟಿನ ಪೆಟ್ಟಿಗೆ ಮತ್ತು ಲೈವ್ ಸಂಗೀತ

ಮದುವೆಯಾಗಿ ಹನ್ನೊಂದು ವರ್ಷಗಳಾದ ಮೇಲೆ ನಾನೂ ನನ್ನ ಪತ್ನಿಯೂ ತಿಂಗಳಿಗೊಂದು ಸಂಜೆಯನ್ನು ನಮ್ಮಿಬ್ಬರಿಗಾಗಿಯೇ ತೆಗೆದಿಡಬೇಕೆಂದು ನಿಶ್ಚಯಿಸಿದೆವು. ಕತ್ತಲೆಯಲ್ಲಿ ಅಕ್ಕಪಕ್ಕ ಕುಳಿತು ಸಿನಿಮಾ ನೋಡಿ ಬರುವುದನ್ನು ಬಿಟ್ಟು, ಇಬ್ಬರೂ ಸೇರಿ ಕೈಯಾರೆ ಏನಾದರೂ ಮಾಡುವಂಥ, ಇಲ್ಲವೇ ಮನಸ್ಸಿಟ್ಟು ಕೇಳುವಂಥ ಮನರಂಜನೆಯನ್ನೇ ಆರಿಸಿಕೊಂಡೆವು. ಒಂದು ವರ್ಷದ ಅವಧಿಯಲ್ಲಿ ಮೂರು ಎಸ್ಕೇಪ್ ರೂಮ್‌ಗಳು, ಮನೆಗೆ ತಂದು ಆಡುವ ಒಗಟಿನ ಪೆಟ್ಟಿಗೆಗಳು, ಚಿಕ್ಕ ಹಾಗೂ ದೊಡ್ಡ ಸಂಗೀತ ಕಾರ್ಯಕ್ರಮಗಳು ನಮ್ಮ ಅನುಭವಕ್ಕೆ ಬಂದಿವೆ. ಇವೆಲ್ಲವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇಬ್ಬರೇ ಹೋದಾಗ ಆ ಸಂಜೆ ನಮಗೆ ಪೂರ್ತಿಯಾಗಿ ದಕ್ಕುತ್ತದೆಯೇ, ಅಥವಾ ದೊಡ್ಡ ಗುಂಪಿಗೆಂದು ಸಿದ್ಧಪಡಿಸಿದ್ದರಲ್ಲಿ ಉಳಿದ ಪಾಲಷ್ಟೇ ನಮಗೆ ಸಿಗುತ್ತದೆಯೇ?

ಎಸ್ಕೇಪ್ ರೂಮ್ ಇನ್ನೂ ಎಳೆಯ ಆಟ. ಕಂಪ್ಯೂಟರ್ ಪರದೆಯ ಮೇಲೆ ಆಡುತ್ತಿದ್ದ, ಬೀಗ ಹಾಕಿದ ಕೋಣೆಯಿಂದ ತಪ್ಪಿಸಿಕೊಳ್ಳುವ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಟಕಾವೋ ಕಾಟೋ ಅವರು ನಿಜವಾದ ಕೋಣೆಯೊಳಕ್ಕೆ ತಂದರು. ಸಾಮಾನ್ಯವಾಗಿ 60 ನಿಮಿಷಗಳ ಈ ಆಟದಲ್ಲಿ ಸುಳಿವುಗಳನ್ನು ಹುಡುಕಿ, ಒಗಟುಗಳನ್ನು ಬಿಡಿಸಿ, ಒಂದೊಂದೇ ಬೀಗ ತೆರೆಯುತ್ತ ಹೊರಬರಬೇಕು. ಹೊರಗೆ ಕುಳಿತ ಗೇಮ್ ಮಾಸ್ಟರ್ ಕ್ಯಾಮೆರಾದಲ್ಲಿ ನಮ್ಮನ್ನು ಗಮನಿಸುತ್ತ, ಕೇಳಿದಾಗ ಸುಳಿವು ಕೊಡುತ್ತಾರೆ.

ನಾವು ಹೋದ ಮೊದಲ ಕೋಣೆ ನಮಗೆ ಹೊಂದಲಿಲ್ಲ. ನಾಲ್ಕೈದು ಒಗಟುಗಳು ಏಕಕಾಲಕ್ಕೆ ತೆರೆದುಕೊಂಡಿದ್ದು, ಬೇರೆ ಬೇರೆ ಮೂಲೆಗಳಲ್ಲಿ ಬೇರೆ ಬೇರೆ ಜನ ನಿಂತು ಬಿಡಿಸಬೇಕಾದ ಕೋಣೆ ಅದು. ಇಬ್ಬರಿಗೆ ಓಡಾಡಿ ಸಾಕಾಯಿತು. ಒಬ್ಬರು ಬಿಡಿಸಿದ್ದು ಇನ್ನೊಬ್ಬರಿಗೆ ತಿಳಿಯದೆಯೇ ಅರ್ಧ ಆಟ ಮುಗಿದಿತ್ತು. ಎರಡನೆಯ ಕಡೆಯಂತೂ ಗುಂಪು ತುಂಬಲಿಲ್ಲವೆಂಬ ಕಾರಣಕ್ಕೆ, ನಮ್ಮನ್ನು ಒಂದು ಮಾತೂ ಕೇಳದೆ ಅಪರಿಚಿತರಾದ ಮೂವರನ್ನು ನಮ್ಮೊಡನೆ ಒಳಗೆ ಕಳುಹಿಸಿದರು. ಆ ಮೂವರೂ ಒಳ್ಳೆಯವರೇ, ಆದರೆ ನಾವು ಅಲ್ಲಿಗೆ ಹೋದ ಉದ್ದೇಶವೇ ಬೇರೆಯಾಗಿತ್ತು. ಬುಕಿಂಗ್ ಮಾಡುವಾಗಲೇ ಈ ವಿಷಯವನ್ನು ಸ್ಪಷ್ಟವಾಗಿ ತಿಳಿಸುವುದು ನಡೆಸುವವರ ಕರ್ತವ್ಯ. ಅದು ನಡೆಯದಿರುವುದರಿಂದ, ಕೋಣೆ ನಮ್ಮಿಬ್ಬರಿಗೇ ಮೀಸಲೇ, ಒಗಟುಗಳು ಒಂದರ ಹಿಂದೊಂದು ಬರುತ್ತವೆಯೇ ಎಂಬೆರಡು ಪ್ರಶ್ನೆಗಳನ್ನು ನೀವೇ ಮುಂದಾಗಿ ಕೇಳಿಕೊಳ್ಳಬೇಕಾಗುತ್ತದೆ.

ಮೂರನೆಯ ಕೋಣೆಯ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ಅದನ್ನು ಕಟ್ಟಿದವರು ಇಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆಟದ ನಡುವೆ ಒಂದು ಹಂತದಲ್ಲಿ ನಾವು ಗೋಡೆಯ ಆಚೆಗೊಬ್ಬರು ಈಚೆಗೊಬ್ಬರಾದೆವು. ನನ್ನ ಕಡೆಯ ಗೋಡೆಯ ಮೇಲೆ ಮಸುಕಾಗಿ ಬರೆದ ಒಂದು ದಾರಿಯ ನಕ್ಷೆ, ಆಕೆಯ ಕೈಯಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ಗುಂಡಿಯನ್ನು ಸರಿಸಿ ತೆರೆಯುವ ಬೀಗ. ನಡುವೆ ಅಂಗೈಯಗಲದ ಕಿಂಡಿ. ಮೊದಲೆರಡು ಬಾರಿ ನಾನು ನನ್ನ ಎಡವನ್ನು ಹೇಳಿದೆ, ಎದುರು ನಿಂತ ಆಕೆ ಅದನ್ನು ತನ್ನ ಬಲವೆಂದು ತಿರುಗಿಸಿಕೊಂಡಳು, ಬೀಗ ಕದಲಲಿಲ್ಲ. ಆಗ ಆಕೆ, "ನೀವು ಆತುರಪಡದೆ ಒಂದೊಂದೇ ಹೇಳ್ತಾ ಹೋಗಿ, ತಿರುಗಿಸಿಕೊಳ್ಳೋದು ಬೇಡ, ಹೇಳಿದ ಹಾಗೇ ಮಾಡ್ತೀನಿ" ಎಂದಳು. ನಾನು ಒಂದು ದಿಕ್ಕು ಹೇಳುವುದು, ಆಕೆ ಅದನ್ನೇ ಮರಳಿ ಹೇಳಿ ಗುಂಡಿ ಸರಿಸುವುದು, ಹೀಗೆ ಏಳು ಸಲ ಆದ ಮೇಲೆ ಕಿಂಡಿಯ ಆಚೆಯಿಂದ ಬೀಗ ಕಳಚಿಕೊಂಡ ಸಣ್ಣ ಸದ್ದು ಕೇಳಿಸಿತು. ಇಬ್ಬರಲ್ಲಿ ಯಾರೊಬ್ಬರೂ ಒಂಟಿಯಾಗಿ ಬಿಡಿಸಲಾಗದ ಇಂಥ ಒಗಟು ಒಂದೇ ಒಂದಿದ್ದರೂ ಆ ಕೋಣೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಮೊದಲ ಬಾರಿ ಹೋಗುವವರಿಗೆ ಒಂದು ಲೆಕ್ಕ ನೆರವಾದೀತು. ನಾಲ್ಕಂಕಿಯ ಬೀಗಕ್ಕೆ 10,000 ಸಾಧ್ಯತೆಗಳಿರುತ್ತವೆ. ಅದನ್ನು ಊಹಿಸಿ ತೆರೆಯುವುದು ಆಗದ ಮಾತು. ಆದರೆ ಮೂರು ಅಂಕಿಗಳೂ ಅವುಗಳ ಸ್ಥಾನವೂ ಖಚಿತವಾಗಿದ್ದರೆ ಉಳಿಯುವುದು 10 ಪ್ರಯತ್ನಗಳು ಮಾತ್ರ. ಒಬ್ಬರು ಕೊನೆಯ ಚಕ್ರವನ್ನು ತಿರುಗಿಸುತ್ತಿರುವಾಗಲೇ ಇನ್ನೊಬ್ಬರು ಮುಂದಿನ ಒಗಟಿಗೆ ಕೈಹಾಕಬಹುದು. ಇಬ್ಬರೇ ಇರುವಾಗ ಸಮಯ ಉಳಿಯುವುದು ಇಂಥ ಕಡೆಗಳಲ್ಲೇ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ನಗರದ ಒಂದು ಎಸ್ಕೇಪ್ ರೂಮ್‌ನಲ್ಲಿ ಬೆಂಕಿ ಅನಾಹುತವಾಗಿ ಐವರು ಹದಿಹರೆಯದ ಹುಡುಗಿಯರು ಪ್ರಾಣ ಕಳೆದುಕೊಂಡರು. ಹೊರಬಾಗಿಲನ್ನು ನಿಜವಾಗಿಯೂ ಬೀಗ ಹಾಕಿ ಮುಚ್ಚಬೇಕಾದ ಅಗತ್ಯ ಈ ಆಟಕ್ಕೆ ಇಲ್ಲವೇ ಇಲ್ಲ. ವಿದ್ಯುತ್ ಇರುವವರೆಗೆ ಮಾತ್ರ ಹಿಡಿದುಕೊಳ್ಳುವ, ವಿದ್ಯುತ್ ಹೋದೊಡನೆ ತಾನಾಗಿ ಬಿಟ್ಟುಕೊಳ್ಳುವ ಅಯಸ್ಕಾಂತದ ಬೀಗ ಮತ್ತು ಕೈಗೆಟಕುವಲ್ಲಿ ಒಂದು ತುರ್ತು ಗುಂಡಿ ಇರುವುದನ್ನು ಒಳಹೋಗುವ ಮುನ್ನ ಕಣ್ಣಾರೆ ನೋಡಿ. ಅದನ್ನು ತೋರಿಸಲು ಹಿಂಜರಿಯುವ ಜಾಗದಿಂದ ಹಿಂತಿರುಗಿ ಬನ್ನಿ.

ಹೊರಗೆ ಹೋಗಲಾಗದ ತಿಂಗಳಲ್ಲಿ ಒಗಟಿನ ಪೆಟ್ಟಿಗೆ ಮನೆಗೆ ಬರುತ್ತದೆ. ನಾವು ಹೆಚ್ಚು ಆಡಿದ್ದು 'ಎಕ್ಸಿಟ್' ಸರಣಿಯ ಪೆಟ್ಟಿಗೆಗಳನ್ನು. 2017ರಲ್ಲಿ ಜರ್ಮನಿಯ ಕೆನ್ನರ್‌ಶ್ಪೀಲ್ ಡೆಸ್ ಯಾರೆಸ್ (ನುರಿತ ಆಟಗಾರರಿಗೆ ಹೊಂದುವ ವರ್ಷದ ಆಟ) ಪ್ರಶಸ್ತಿ ಪಡೆದ ಈ ಸರಣಿಯನ್ನು ರೂಪಿಸಿದ ಇಂಕಾ ಬ್ರಾಂಡ್ ಮತ್ತು ಮಾರ್ಕುಸ್ ಬ್ರಾಂಡ್ ಅವರು ಗಂಡ ಹೆಂಡತಿ ಎಂಬುದು ಆಮೇಲೆ ತಿಳಿದು ನನಗೆ ವಿಶೇಷವಾದ ಸಂತೋಷವಾಯಿತು. ಒಂದು ಮೇಜು, ಒಂದು ಕತ್ತರಿ, ಒಂದು ಪೆನ್ಸಿಲ್ ಇದ್ದರೆ ಸಾಕು. ಹಾಳೆಗಳನ್ನು ಕತ್ತರಿಸಿ, ಮಡಿಸಿ, ಗೀಚಿ ಆಡಬೇಕಾದ್ದರಿಂದ ಒಂದು ಪೆಟ್ಟಿಗೆಯನ್ನು ಒಮ್ಮೆ ಮಾತ್ರ ಆಡಬಹುದು. ಹಣ ಕೊಟ್ಟು ಕೊಂಡದ್ದು ಒಂದೇ ರಾತ್ರಿಗೆ ಮುಗಿಯುತ್ತದೆ ಎನ್ನುವುದು ನಿಜವಾದ ಕೊರತೆಯೇ. ಆದರೂ ಪ್ರತಿ ಒಗಟಿಗೂ ಮೂರು ಹಂತದ ಸಹಾಯದ ಕಾರ್ಡುಗಳಿದ್ದು, ಅವನ್ನು ಯಾವಾಗ ತೆರೆಯಬೇಕೆಂಬ ತೀರ್ಮಾನ ನಮ್ಮದೇ ಆಗಿರುತ್ತದೆ. ಕೇಳುವ ಮೊದಲೇ ಸ್ಪೀಕರಿನಲ್ಲಿ ಉತ್ತರ ಹೇಳಿಬಿಡುವ ಗೇಮ್ ಮಾಸ್ಟರ್‌ಗಿಂತ ಈ ಕಾರ್ಡುಗಳು ಎಷ್ಟೋ ಮೇಲು. ಸಾವಿರ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಜಿಗ್‌ಸಾ ಕೂಡ ತಂದೆವು. ಅದು ಒಂದು ಸಂಜೆಯಲ್ಲಿ ಮುಗಿಯುವುದಿಲ್ಲ, ವಾರಗಟ್ಟಲೆ ಮೇಜನ್ನು ಆಕ್ರಮಿಸುತ್ತದೆ.

ಲೈವ್ ಸಂಗೀತದ ವಿಷಯಕ್ಕೆ ಬಂದರೆ, ಟಿಕೆಟ್ ಕೊಳ್ಳುವ ಹಂತದಲ್ಲೇ ಎಚ್ಚರ ಬೇಕು. ಒಂದು ದೊಡ್ಡ ಕಾರ್ಯಕ್ರಮಕ್ಕೆ ಎರಡು ಟಿಕೆಟ್‌ಗಳನ್ನು ಒಟ್ಟಿಗೇ ಕೊಂಡರೂ, ಆಸನಗಳನ್ನು ತಾನಾಗಿಯೇ ಹಂಚುವ ವ್ಯವಸ್ಥೆ ನಮ್ಮನ್ನು ಎರಡು ಬೇರೆ ಸಾಲುಗಳಲ್ಲಿ ಕೂರಿಸಿತು. ಎರಡೂವರೆ ಗಂಟೆಯ ಕಾಲ ಆಕೆಯ ತಲೆಯ ಹಿಂಭಾಗವನ್ನು ದೂರದಿಂದ ನೋಡುತ್ತ ಕುಳಿತ ನನಗೆ ಅಂದಿನ ಹಾಡುಗಳಲ್ಲಿ ಒಂದೂ ಮನಸ್ಸಿಗೆ ಇಳಿಯಲಿಲ್ಲ. ಆಸನವನ್ನು ನಾವೇ ಗುರುತಿಸಿ ಆರಿಸುವ ಅವಕಾಶವಿಲ್ಲದ ಕಡೆ ಜೋಡಿಯಾಗಿ ಹೋಗಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ.

ಆಸನ ಆರಿಸಬಹುದಾದರೆ ಮುಂದಿನ ಸಾಲಿಗೆ ಆಸೆಪಡಬೇಡಿ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಬೀಳುವ ಧ್ವನಿಯನ್ನು ಕೇಳಿಕೊಂಡೇ ಎಲ್ಲ ವಾದ್ಯಗಳ ಹದವನ್ನು ಸರಿಹೊಂದಿಸುತ್ತಾರಾದ್ದರಿಂದ, ಸಾಮಾನ್ಯವಾಗಿ ಸಭಾಂಗಣದ ನಡುವೆ ಇರುವ ಅವರ ಮಿಕ್ಸರ್ ಮೇಜಿನ ಹತ್ತಿರ ಕುಳಿತವರಿಗೆ ಸಂಗೀತ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ. ವೇದಿಕೆಯಿಂದ ತೀರ ಹಿಂದೆ ಸರಿದರೆ ಬೇರೊಂದು ತೊಡಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ, 70 ಮೀಟರ್ ದೂರದಲ್ಲಿ ಡ್ರಮ್ಮಿನ ಮೇಲೆ ಕೋಲು ಬಿದ್ದದ್ದು ಕಣ್ಣಿಗೆ ಕಂಡು ಸೆಕೆಂಡಿನ ಐದನೇ ಒಂದು ಭಾಗ ಕಳೆದ ಮೇಲೆ ಪೆಟ್ಟು ಕೇಳಿಸುತ್ತದೆ. ಬಯಲಿನ ಕಾರ್ಯಕ್ರಮವೊಂದರಲ್ಲಿ ಇದನ್ನು ಮೊದಲು ಗಮನಿಸಿದವಳು ನನ್ನ ಪತ್ನಿ.

ಕಿವಿಯ ಕಾಳಜಿಯ ಬಗ್ಗೆ ಹಲವು ಆಯೋಜಕರು ಮೌನವಾಗಿರುವುದು ನನಗೆ ನಿಜಕ್ಕೂ ನೋವುಂಟುಮಾಡುತ್ತದೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ಇಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಸಂಗೀತದ ತಾಣಗಳಲ್ಲಿ ಸರಾಸರಿ ಶಬ್ದ 100 ಡೆಸಿಬೆಲ್ ಮೀರಬಾರದು, ಕಿವಿಗೆ ರಕ್ಷಣೆಯ ಸಾಧನ ದೊರೆಯಬೇಕು, ವಿಶ್ರಮಿಸಲು ಸದ್ದಿಲ್ಲದ ಜಾಗವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಪ್ರಕಟಿಸಿದೆ. ಫೋಮ್‌ನ ಇಯರ್‌ಪ್ಲಗ್ ತೀಕ್ಷ್ಣ ಸ್ವರಗಳನ್ನೇ ಹೆಚ್ಚಾಗಿ ತಡೆದು ಹಾಡನ್ನು ಮಂಕಾಗಿಸುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಇಯರ್‌ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ವರ್ಷದಲ್ಲಿ ನಾವು ಕೊಂಡ ವಸ್ತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಆ ಎರಡು ಜೊತೆ ಇಯರ್‌ಪ್ಲಗ್‌ಗಳೇ.

ಎಲ್ಲಕ್ಕಿಂತ ಮಿಗಿಲೆನಿಸಿದ್ದು ನಲವತ್ತು ಜನರಷ್ಟೇ ಕೂರಬಹುದಾದ ಒಂದು ಚಿಕ್ಕ ಕೋಣೆಯಲ್ಲಿ ಮೈಕ್ ಇಲ್ಲದೆ ನಡೆದ ಕಛೇರಿ. ಅಲ್ಲಿ ಇಯರ್‌ಪ್ಲಗ್‌ಗಳು ಡಬ್ಬಿಯಲ್ಲೇ ಉಳಿದವು. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಸದ್ದೂ, ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು. ಮುಗಿದ ಮೇಲೆ ಮನೆಯವರೆಗೂ ನಡೆದುಕೊಂಡೇ ಬಂದೆವು. ಮೂರನೆಯ ಹಾಡಿನ ನಡುವೆ ವಾದ್ಯ ನಿಂತು ಧ್ವನಿಯೊಂದೇ ಉಳಿದ ಘಳಿಗೆಯ ಬಗ್ಗೆ ನಾನು ಮಾತು ತೆಗೆದಾಗ, ಆಕೆಯೂ ಅದನ್ನೇ ಹೇಳಬೇಕೆಂದಿದ್ದಳಂತೆ.