ರಿವರ್ಸ್ ಲೈಟ್ ರಿಪೇರಿಗೆ ಮೀಟರಾ, ಟೆಸ್ಟ್ ಲ್ಯಾಂಪಾ?

ಕೋಲಾರದ ಎಪಿಎಂಸಿ ಯಾರ್ಡಿಗೆ ಟೊಮೆಟೊ ಹಾಕಿದವರಿಗೆ ಗೊತ್ತು, ಅಲ್ಲಿ ಗಾಡಿ ಮುಂದಕ್ಕೆ ಓಡೋದಕ್ಕಿಂತ ಹಿಂದಕ್ಕೆ ಸರಿಯೋದೇ ಜಾಸ್ತಿ. ಎರಡೂ ಕಡೆ 15 ಕೆ.ಜಿ. ಬಾಕ್ಸ್‌ಗಳ ಗೋಡೆ, ನಡುವೆ ಹಮಾಲರು. ನನ್ನ ಪಿಕಪ್‌ನ ಎರಡೂ ರಿವರ್ಸ್ ಲೈಟ್ ಹೋದ ಮೇಲೆ ಒಂದು ವಾರ ನಮ್ಮ ಹುಡುಗನ 'ಬರ್ಲಿ, ಬರ್ಲಿ, ಹೋಲ್ಡಾನ್' ನಂಬಿಕೊಂಡೇ ಓಡಿಸಿದೆ. ಒಂದು ರಾತ್ರಿ ಅವನು ಫೋನಲ್ಲಿದ್ದ. ನಾಲ್ಕು ಬಾಕ್ಸ್ ಹಣ್ಣು ಅಲ್ಲೇ ಚಟ್ನಿ ಆಯ್ತು.

ತೋರಿಸಿದರೆ ಎಲೆಕ್ಟ್ರಿಷಿಯನ್ ಒಬ್ಬರು ಬಗ್ಗಿಯೂ ನೋಡದೆ 'ಗೇರ್‌ಬಾಕ್ಸ್ ಸ್ವಿಚ್ ಹೋಗೈತೆ ಅಣ್ಣ, ಹೊಸದು ಹಾಕ್ಬೇಕು' ಅಂದರು. ಹಾಗನ್ನಿಸೋದು ತಪ್ಪೇನಲ್ಲ. ರಿವರ್ಸ್ ಗೇರ್ ಬಿದ್ದಾಗ ಗೇರ್‌ಬಾಕ್ಸ್‌ನಲ್ಲಿರುವ ಸ್ವಿಚ್ ಒತ್ತಿಕೊಂಡು ಎರಡೂ ಲೈಟಿಗೆ ಕರೆಂಟ್ ಬಿಡುತ್ತೆ. ಅದು ಕೆಟ್ಟರೆ ಎರಡೂ ಆರುತ್ತವೆ. ಆದರೆ ನಾನು ಬಲಗಡೆ ಬಲ್ಬ್ ಬಿಚ್ಚಿ ನೋಡಿದರೆ ತಂತಿ ತುಂಡಾಗಿತ್ತು. ಹೊಸದು ಹಾಕಿದ ತಕ್ಷಣ ಉರಿಯಿತು. ಅಂದಮೇಲೆ ಫ್ಯೂಸ್, ಸ್ವಿಚ್ ಎರಡೂ ನಿರಪರಾಧಿಗಳು. ಎಡಗಡೆ ಮಾತ್ರ ಹೊಸ ಬಲ್ಬಿಗೂ ಬೀಡಿ ಕೆಂಡದಷ್ಟೇ ಬೆಳಕು.

ಇಲ್ಲಿಂದ ಶುರುವಾಯ್ತು ಮೀಟರ್ ಮತ್ತು ಟೆಸ್ಟ್ ಲ್ಯಾಂಪ್ ಪಂದ್ಯ. ಮೊದಲು 350 ರೂಪಾಯಿ ಕೊಟ್ಟು ತಂದಿದ್ದ ಡಿಜಿಟಲ್ ಮೀಟರ್. ಎಡಗಡೆ ಬಲ್ಬ್ ತೆಗೆದು ಹೋಲ್ಡರಿಗೆ ಮುಳ್ಳು ಹಿಡಿದರೆ 12.4 ವೋಲ್ಟ್! ಎಲ್ಲ ಸರಿ ಇದೆ ಅನ್ನುತ್ತೆ ಮೀಟರ್, ಉರಿಯಲ್ಲ ಅನ್ನುತ್ತೆ ಬಲ್ಬ್. ಅರ್ಧ ದಿನ ಇದರಲ್ಲೇ ಹೋಯಿತು.

ಆಮೇಲೆ ಹಳೇ ಹೋಲ್ಡರ್, 21 ವ್ಯಾಟ್ ಬಲ್ಬ್, ಎರಡು ವೈರ್ ಸೇರಿಸಿ ಟೆಸ್ಟ್ ಲ್ಯಾಂಪ್ ಮಾಡಿಕೊಂಡೆ. ಖರ್ಚು 40 ರೂಪಾಯಿ. ಹೋಲ್ಡರಿನ ಎರಡೂ ಕಡೆಗೆ ಹಿಡಿದರೆ ಅದೇ ಕೆಂಡ. ಒಂದು ವೈರನ್ನು ಹೋಲ್ಡರ್ ಬಿಟ್ಟು ಕೆರೆದು ಹೊಳಪು ಮಾಡಿದ ಚಾಸಿಗೆ ಮುಟ್ಟಿಸಿದೆ, ಝಗ್ ಅಂತ ಉರಿಯಿತು. ತಪ್ಪು ಅರ್ಥ್ ವೈರಿನದು, ಅಂದರೆ ಬಲ್ಬಿನ ಕರೆಂಟನ್ನು ಚಾಸಿಗೆ ವಾಪಸ್ ಒಯ್ಯುವ, ಬೋಲ್ಟಿನಲ್ಲಿ ಬಿಗಿದ ವೈರಿನದು. ಎರಡೇ ನಿಮಿಷ.

ಮೀಟರ್ ಯಾಕೆ ಯಾಮಾರಿಸಿತು? ಅದು ಕರೆಂಟನ್ನು ಎಳೆಯೋದೇ ಇಲ್ಲ ಅನ್ನುವಷ್ಟು ಕಡಿಮೆ. ತುಕ್ಕು ಹಿಡಿದ ಬೋಲ್ಟಿನ ಮೂಲಕವೂ ಅಷ್ಟು ಆರಾಮಾಗಿ ಹೋಗುತ್ತೆ. 21 ವ್ಯಾಟ್ ಬಲ್ಬ್ ಒಂದೂಮುಕ್ಕಾಲು ಆಂಪಿಯರ್ ಕೇಳುತ್ತೆ, ಆಗ ತುಕ್ಕಿನ ಬಣ್ಣ ಬಯಲಾಗುತ್ತೆ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟೆಸ್ಟರಿನ ಪುಟ್ಟ ಬಲ್ಬಿಗೆ ಈ ಗತ್ತು ಇಲ್ಲ. ಆದರೆ ಈ ದೊಡ್ಡ ಬಲ್ಬನ್ನು ಏರ್‌ಬ್ಯಾಗ್, ಇಸಿಯು (ಗಾಡಿಯ ಕಂಪ್ಯೂಟರ್) ವೈರುಗಳ ಹತ್ತಿರ ಒಯ್ಯಬೇಡಿ. ಇಸಿಯುಗೆ ಮೀಟರೇ ಬೇಕು, ಏರ್‌ಬ್ಯಾಗ್ ವೈರಿಗಂತೂ ಮೀಟರನ್ನೂ ಮುಟ್ಟಿಸಬೇಡಿ.

ಹಾಗಂತ ಮೀಟರನ್ನು ಎಸೆಯಲಿಲ್ಲ. ಬಲ್ಬ್ ಹಾಕಿ, ರಿವರ್ಸ್ ಗೇರಲ್ಲಿಟ್ಟು, ಒಂದು ಮುಳ್ಳು ಹೋಲ್ಡರಿನ ಅರ್ಥ್ ಕಡೆಗೆ, ಇನ್ನೊಂದು ಚಾಸಿಗೆ ಹಿಡಿದೆ. 7 ವೋಲ್ಟ್! ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಎಷ್ಟು ಕೆಟ್ಟಿದೆ ಅಂತ ಅಂಕಿಯಲ್ಲಿ ಹೇಳೋದು ಟೆಸ್ಟ್ ಲ್ಯಾಂಪಿಗೆ ಆಗಲ್ಲ. ಬೋಲ್ಟ್ ಬಿಚ್ಚಿ, ಎಮೆರಿ ಶೀಟಲ್ಲಿ ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಹಾಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದ ಮೇಲೆ 0.1. ಟೊಮೆಟೊ ರಸ, ತೊಳೆದ ನೀರು ಎರಡೂ ಸೇರಿ ಆ ಬೋಲ್ಟನ್ನು ತಿಂದಿದ್ದವು.

ಒಂದು ಮಾತು ಬಿಟ್ಟೆ. ಇದಕ್ಕೂ ಮೊದಲೇ ಭಾಮೈದನ ಮಾತು ಕೇಳಿ ಎಡಗಡೆ ಎಲ್‌ಇಡಿ ಹಾಕಿ ನೋಡಿದ್ದೆ. ಚೆನ್ನಾಗಿಯೇ ಉರಿದಿತ್ತು! 'ನೋಡಿ ಭಾವ, ಬಲ್ಬೇ ಸರಿ ಇರಲಿಲ್ಲ' ಅಂತ ಅವನು ಬೀಗಿದ. ಎಲ್‌ಇಡಿಗೆ ಕರೆಂಟ್ ಕಡಿಮೆ ಸಾಕು, ಅದಕ್ಕೇ ಮೀಟರಿನ ಹಾಗೆಯೇ ಅದೂ ತುಕ್ಕನ್ನು ಮುಚ್ಚಿಹಾಕಿತ್ತು. ಆದರೆ ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿದಾಗ ಮಿಣುಕುತ್ತಿತ್ತು, ಏಕೆಂದರೆ ಹಿಂದೆ ಆ ಕಡೆಯ ಎಲ್ಲ ಲೈಟಿಗೂ ಅದೊಂದೇ ಅರ್ಥ್. ಅದೇ ಅನುಮಾನ ಹುಟ್ಟಿಸಿದ್ದು.

ಅರ್ಥ್ ಸರಿಯಾದ ಮೇಲೆ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಮಾಮೂಲಿ ಬಲ್ಬ್ ಹಾಕಿ ಮಂಡಿ ಮುಂದೆ ನಿಲ್ಲಿಸಿ ನೋಡಿದೆ. ಎಲ್‌ಇಡಿ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತೆ, ಆದರೆ ನೆಲದ ಮೇಲೆ ಬೆಳಕು ಚೂರುಚೂರು. ಬಲ್ಬಿನದು ಹಳದಿಯಾದರೂ ಬಾಕ್ಸ್‌ಗಳ ಅಂಚು ಕಾಣುತ್ತೆ. ಬಲ್ಬನ್ನೇ ಉಳಿಸಿಕೊಂಡೆ.

ಹುಡುಗ ಈಗಲೂ ಹಿಂದೆ ನಿಂತು ಹೋಲ್ಡಾನ್ ಅನ್ನುತ್ತಾನೆ. ಅವನ ಫೋನ್ ಮಾತ್ರ ನನ್ನ ಡ್ಯಾಶ್‌ಬೋರ್ಡ್ ಮೇಲಿರುತ್ತೆ.