ಟಿಪ್‌ಟ್ರೀ ಬಾಟಲಿಗಳೂ ಅಮ್ಮನ ಪಾಕಪರೀಕ್ಷೆಯೂ

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಟಿಪ್‌ಟ್ರೀ ಎಂಬ ಹಳ್ಳಿಯಲ್ಲಿ ತಯಾರಾದ, ವಿಲ್ಕಿನ್ ಅಂಡ್ ಸನ್ಸ್ ಕಂಪನಿಯ ನಾಲ್ಕು ಜಾಮ್ ಬಾಟಲಿಗಳು ಎರಡು ತಿಂಗಳಿಂದ ಜಯನಗರದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ನಿಂತಿವೆ. ಎರಡನ್ನು ಆ ಕಡೆಯ ಚೆಲ್ಮ್ಸ್‌ಫರ್ಡಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಸ್ವೆಟರಿನಲ್ಲಿ ಸುತ್ತಿಕೊಂಡು ತಂದ. ಇನ್ನೆರಡನ್ನು ಬೆಂಗಳೂರಿನಲ್ಲೇ, ವಿದೇಶಿ ತಿನಿಸು ಮಾರುವ ಅಂಗಡಿಯೊಂದರಲ್ಲಿ, ತಲಾ ಐನೂರು ರೂಪಾಯಿಗೂ ಮೇಲೆ ಕೊಟ್ಟು ನಾನು ಕೊಂಡೆ. 340 ಗ್ರಾಂ ಜಾಮಿಗೆ ಇಷ್ಟು ಹಣ ತೆರಬಹುದೇ ಎಂದು ಕೇಳಿದರೆ, ಒಂದು ಬಾಟಲಿಗೆ ಖಂಡಿತ ತೆರಬಹುದು, ಇನ್ನೊಂದಕ್ಕೆ ಬೇಡ ಎನ್ನುತ್ತೇನೆ.

ಈ ಕಂಪನಿಯ ಹೆಗ್ಗಳಿಕೆ ಇರುವುದು ಹೊಲ ಮತ್ತು ಒಲೆಗಳ ನಡುವೆ ಅಂತರವೇ ಇಲ್ಲವೆಂಬುದರಲ್ಲಿ. ಅಮೆರಿಕದ ಅಗ್ಗದ ಧಾನ್ಯ ಬಂದು ಬಿದ್ದು ಇಂಗ್ಲೆಂಡಿನ ರೈತರು ಕಂಗಾಲಾಗಿದ್ದ 1880ರ ದಶಕದಲ್ಲಿ, ಹಣ್ಣು ಬೆಳೆಯಿರಿ, ಜಾಮ್ ಮಾಡಿ ಎಂದು ಪ್ರಧಾನಿ ಗ್ಲ್ಯಾಡ್‌ಸ್ಟನ್ ಸಲಹೆ ಕೊಟ್ಟಿದ್ದರು. ಆರ್ಥರ್ ಚಾರ್ಲ್ಸ್ ವಿಲ್ಕಿನ್ ಎಂಬ ರೈತ 1885ರಲ್ಲಿ ತನ್ನ ತೋಟದ ಹಣ್ಣನ್ನು ತಾನೇ ಕುದಿಸಲು ಆರಂಭಿಸಿದರು. ಮೊದಲ ಗಿರಾಕಿ ಆಸ್ಟ್ರೇಲಿಯಾದ ವ್ಯಾಪಾರಿಯೆಂದೂ, ಗ್ಲೂಕೋಸ್, ಬಣ್ಣ, ಸಂರಕ್ಷಕ ಇವುಗಳಲ್ಲಿ ಯಾವುದನ್ನೂ ಬೆರೆಸಬಾರದೆಂಬುದು ಆತನ ಷರತ್ತಾಗಿತ್ತೆಂದೂ ಕಂಪನಿ ಹೇಳಿಕೊಳ್ಳುತ್ತದೆ. ಆಗಿನ ಹೆಸರು ಬ್ರಿಟಾನಿಯಾ ಫ್ರೂಟ್ ಪ್ರಿಸರ್ವಿಂಗ್ ಕಂಪನಿ. ನಮ್ಮ ಬಿಸ್ಕತ್ತಿನ ಬ್ರಿಟಾನಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಹಣ್ಣನ್ನೂ ಬಾಟಲಿಯನ್ನೂ ಕುದುರೆಗಾಡಿಯಲ್ಲಿ ಕೆಲ್ವೆಡನ್ ನಿಲ್ದಾಣಕ್ಕೆ ಸಾಗಿಸುವ ಪಾಡು ತಪ್ಪಲೆಂದು ವಿಲ್ಕಿನ್ ರೈಲಿಗಾಗಿ ಓಡಾಡಿದರು, 1904ರಲ್ಲಿ ಹಳ್ಳಿಗೆ ಚಿಕ್ಕ ರೈಲೂ ಬಂತು. 1911ರಿಂದ ರಾಜಮನೆತನದ ಮುದ್ರೆಯೂ ಬಾಟಲಿಯ ಮೇಲಿದೆ. ಮುದ್ರೆ ರುಚಿಗೆ ಏನನ್ನೂ ಸೇರಿಸುವುದಿಲ್ಲವಾದರೂ ಬೆಲೆಗೆ ಸೇರಿಸುತ್ತದೆಯೇನೋ.

ಅಂಗಡಿಯಲ್ಲಿ ಕೊಂಡ ಮೊದಲ ಬಾಟಲಿ ಮಾಮೂಲಿ ಸ್ಟ್ರಾಬೆರಿಯದು. ಅಮ್ಮ ಅದನ್ನು ತಿನ್ನುವ ಮೊದಲು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದು ನೋಡಿದರು. ಹೋಳಿಗೆ, ಉಂಡೆ, ಬರ್ಫಿ ಎಲ್ಲಕ್ಕೂ ಅವರು ನಡೆಸುವ ಪರೀಕ್ಷೆ ಅದೇ. "ಎಳೆ ಬರ್ತಿಲ್ಲ, ಆದ್ರೂ ಗಟ್ಟಿಯಾಗಿ ನಿಂತಿದೆಯಲ್ಲ" ಎಂದು ಅವರಿಗೆ ಸೋಜಿಗವಾಯಿತು. ಜಾಮ್ ನಿಲ್ಲುವುದು ಸಕ್ಕರೆಯೊಂದರ ಬಲದಿಂದಲ್ಲ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು, ಹುಳಿ ಮತ್ತು ಶೇಕಡ 65ರ ಸುಮಾರಿನ ಸಕ್ಕರೆ ಮೂರೂ ಕೂಡಿದಾಗ ಮಾತ್ರ ಅದು ಹೆಪ್ಪುಗಟ್ಟುತ್ತದೆ. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆ ಇರುವುದರಿಂದ ಹೊರಗಿನಿಂದ ಸೇರಿಸುತ್ತಾರೆ, ಮತ್ತು ಅದನ್ನು ಲೇಬಲ್ಲಿನಲ್ಲಿ ಬರೆದಿದ್ದಾರೆ. (ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಜಾಮ್ ಮಾಡುವವರಿಗೆ ಒಂದು ಮಾತು: ಪುಸ್ತಕಗಳಲ್ಲಿರುವ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರೇ 97ರ ಸುಮಾರಿಗೆ ಕುದಿಯುತ್ತದೆ. 102ಕ್ಕೆ ಒಲೆ ಆರಿಸದಿದ್ದರೆ ಜಾಮ್ ಹೋಗಿ ಅಂಟುಮಿಠಾಯಿಯಾಗುತ್ತದೆ.) ರುಚಿ ಚೊಕ್ಕಟವಾಗಿದೆ. ಆದರೆ ಚಪಾತಿಗೆ ಸವರಿ ಸುರುಳಿ ಸುತ್ತಿ ಶಾಲೆಯ ಡಬ್ಬಿಗೆ ಹಾಕುವ ಕೆಲಸಕ್ಕೆ ಇಷ್ಟು ದುಬಾರಿಯದು ಅನಾವಶ್ಯಕ ಎಂದೇ ನನ್ನ ತೀರ್ಮಾನ. ನಮ್ಮ ಆಹಾರ ನಿಯಮದಂತೆ ಜಾಮಿನಲ್ಲಿ ಕನಿಷ್ಠ ಶೇಕಡ 45 ಹಣ್ಣಿರಬೇಕು, ಸ್ಟ್ರಾಬೆರಿ ಮತ್ತು ರಾಸ್‌ಬೆರಿಗೆ ಮಾತ್ರ 25 ಸಾಕು. ಆ ಅಂಕಿಯನ್ನು ಲೇಬಲ್ಲಿನಲ್ಲಿ ನೋಡಿ ಆರಿಸಿದರೆ ಇದರ ಅರ್ಧ ಬೆಲೆಗೆ ಒಳ್ಳೆಯದೇ ಸಿಗುತ್ತದೆ.

ಸ್ವೆಟರಿನೊಳಗಿಂದ ಹೊರಬಂದ ಲಿಟಲ್ ಸ್ಕಾರ್ಲೆಟ್ ಬೇರೆಯೇ ವಸ್ತು. ಇದೂ ಸ್ಟ್ರಾಬೆರಿಯೇ, ಆದರೆ ಮಹಾಬಲೇಶ್ವರದಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ದಪ್ಪ ಹಣ್ಣಲ್ಲ. ಉತ್ತರ ಅಮೆರಿಕದ ಕಾಡು ಸ್ಟ್ರಾಬೆರಿಯ ಜಾತಿ. ಇಂದಿನ ತೋಟದ ಸ್ಟ್ರಾಬೆರಿಗೆ ಜನ್ಮಕೊಟ್ಟ ಎರಡು ಮೂಲಜಾತಿಗಳಲ್ಲಿ ಒಂದು. ಗಿಡದಲ್ಲಿ ಫಸಲು ಕಡಿಮೆ, ಹಣ್ಣು ಬಿಡುವುದು ಬೇಸಗೆಯ ಕೆಲವೇ ವಾರ, ಕೈಯಿಂದಲೇ ಬಿಡಿಸಬೇಕು. ಆದ್ದರಿಂದ ವಿಲ್ಕಿನ್ ಮನೆತನದವರ ಹೊರತು ಬೇರೆ ಯಾರೂ ವ್ಯಾಪಾರಕ್ಕೆಂದು ಇದರ ಗೋಜಿಗೆ ಹೋಗಿಲ್ಲ. ಚಮಚದಲ್ಲಿ ತೆಗೆದರೆ ಕಡಲೆಕಾಳಿಗಿಂತ ತುಸು ದೊಡ್ಡದಾದ ಇಡೀ ಇಡೀ ಹಣ್ಣುಗಳು ಒಡೆಯದೆ, ಕಡುಗೆಂಪು ರಸದಲ್ಲಿ ಒಂದಕ್ಕೊಂದು ಆತುಕೊಂಡು ಬರುತ್ತವೆ. ನಾಲಿಗೆಯ ಮೇಲೆ ಮೊದಲು ಸಿಹಿ, ಒತ್ತಿದಾಗ ಹುಳಿ, ಕೊನೆಗೆ ಹಲ್ಲಿಗೆ ಬೀಜದ ಕರಕರ. ಇದನ್ನು ಬ್ರೆಡ್ಡಿಗೆ ಸವರಿದರೆ ದಂಡ. ಗಟ್ಟಿ ಮೊಸರಿನ ಮೇಲೆ ಒಂದೇ ಚಮಚ ಇಟ್ಟುಕೊಂಡು, ಕಲಸದೆ, ನಿಧಾನವಾಗಿ ತಿನ್ನಬೇಕು.

ಅಕ್ಕನ ಮಗನೇ ತಂದ ಇನ್ನೊಂದು ಬಾಟಲಿ ಹಿಪ್ಪುನೇರಳೆಯದು. ರಾಮನಗರದಿಂದ ಶಿಡ್ಲಘಟ್ಟದವರೆಗೆ ಇಷ್ಟೊಂದು ಹಿಪ್ಪುನೇರಳೆ ಬೆಳೆಯುವ ನಾಡಿನವರು ನಾವು. ಆದರೆ ನಮಗೆ ಬೇಕಿರುವುದು ರೇಷ್ಮೆಹುಳಕ್ಕೆ ಸೊಪ್ಪು, ಹಣ್ಣು ಏನಿದ್ದರೂ ಬದುವಿನ ಮೇಲೆ ಓಡಾಡುವ ಮಕ್ಕಳ ಪಾಲು. ಟಿಪ್‌ಟ್ರೀಯವರದು ಕಪ್ಪು ಹಣ್ಣಿನ ಬೇರೆ ಜಾತಿ, ಹಳೆಯ ಮರಗಳದ್ದು. ಬಾಟಲಿ ತೆರೆದಾಗ ಚನ್ನಪಟ್ಟಣದ ಬಳಿಯ ಅಜ್ಜನ ತೋಟದಲ್ಲಿ ನೇರಳೆಗಟ್ಟಿದ ಬೆರಳುಗಳು ನೆನಪಾದವು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ರುಚಿಯಲ್ಲಿ ಮಾತ್ರ ಅಂಥ ಮೋಡಿಯೇನೂ ಕಾಣಲಿಲ್ಲ.

ನಾಲ್ಕನೆಯದು, ಅಂಗಡಿಯಲ್ಲಿ ಕೊಂಡದ್ದು, ಟಾನಿ ಎಂಬ ಹೆಸರಿನ ಮಾರ್ಮಲೇಡ್. ಕಿತ್ತಳೆಯ ಸಿಪ್ಪೆಯನ್ನು ದಪ್ಪಗೆ ಹೆಚ್ಚಿ ಬಣ್ಣ ಕಂದುವವರೆಗೆ ಕುದಿಸಿದ್ದು. ಇಂಗ್ಲಿಷರ ಮಾರ್ಮಲೇಡನ್ನು ನಮ್ಮಲ್ಲಿ ಅನೇಕರು ಒಂದು ಸಲ ರುಚಿ ನೋಡಿ, ಕಹಿಯೆಂದು ಮುಖ ಸಿಂಡರಿಸಿ ಹಿಂದಕ್ಕಿಡುತ್ತಾರೆ. ಅಮ್ಮ ಹಾಗೆ ಮಾಡಲಿಲ್ಲ. ಸಿಪ್ಪೆಯ ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ಮ ಹೆರಳೆಕಾಯಿ ಗೊಜ್ಜಿನ ತಮ್ಮ" ಎಂದರು. ಮಾತು ಸರಿಯಾಗಿತ್ತು. ಹೆರಳೆಕಾಯಿಯ ಸಿಪ್ಪೆಯ ಕಹಿಯನ್ನು ಬೆಲ್ಲ, ಹುಣಸೆ, ಉಪ್ಪು, ಕಾರ ಹಾಕಿ ಪಳಗಿಸಿ ಅನ್ನಕ್ಕೆ ಕಲಸಿಕೊಂಡು ಬೆಳೆದ ನಾಲಿಗೆಗೆ ಈ ಕಹಿ ಪರಕೀಯವಲ್ಲ. ಸಕ್ಕರೆ ಅದನ್ನು ಮುಚ್ಚುವುದಿಲ್ಲ, ಜೊತೆಗೆ ನಡೆಸಿಕೊಂಡು ಹೋಗುತ್ತದೆ. ಮಾರನೆಯ ಬೆಳಿಗ್ಗೆ ಬೆಣ್ಣೆ ಹಾಕಿದ ಬಿಸಿ ಅಕ್ಕಿರೊಟ್ಟಿಯ ಜೊತೆ ಹಾಕಿಕೊಂಡು ನೋಡಿದೆವು. ರೊಟ್ಟಿಯ ಹಸಿಮೆಣಸಿಗೂ ಸಿಪ್ಪೆಯ ಕಹಿಗೂ ಎಷ್ಟು ಹೊಂದಿತೆಂದರೆ ತಟ್ಟೆಯಲ್ಲಿದ್ದ ಕಾಯಿಚಟ್ನಿ ಹಾಗೆಯೇ ಉಳಿಯಿತು. ಅರ್ಧ ಬಾಟಲಿ ಒಂದೇ ವಾರದಲ್ಲಿ ಮುಗಿದಿದೆ. ಹೊಲದ ಪಕ್ಕದಲ್ಲೇ ಒಲೆ ಎಂಬ ಹೆಮ್ಮೆಯ ಕಂಪನಿಯ ಬಾಟಲಿಗಳಲ್ಲಿ ನಮ್ಮ ಮನೆ ಮೆಚ್ಚಿದ್ದು ಆ ಹೊಲದ್ದಲ್ಲದ ಹಣ್ಣನ್ನು: ಮಾರ್ಮಲೇಡಿನ ಕಹಿ ಕಿತ್ತಳೆ ಎಸೆಕ್ಸಿನ ಚಳಿಯಲ್ಲಿ ಬೆಳೆಯುವುದಿಲ್ಲ, ಸ್ಪೇನಿನ ಸೆವಿಲ್ ಕಡೆಯಿಂದ ಜನವರಿಯ ಹೊತ್ತಿಗೆ ಬರುತ್ತದೆ.

ಇನ್ನು ಕೊಳ್ಳುವ ವಿಚಾರ. ನಾನು ಹೋದ ಅಂಗಡಿಯಲ್ಲಿ ಆಮದುದಾರರ ಬಿಳಿ ಚೀಟಿಯನ್ನು ಸರಿಯಾಗಿ ಪದಾರ್ಥಗಳ ಪಟ್ಟಿಯ ಮೇಲೆಯೇ ಅಂಟಿಸಿದ್ದರು. ಉಗುರಿನಿಂದ ಕೆರೆದು ಓದಿಕೊಳ್ಳಬೇಕಾಯಿತು. ಮನೆಗೆ ಬಂದು ನೋಡಿದರೆ ಸ್ಟ್ರಾಬೆರಿ ಬಾಟಲಿಯ ಅವಧಿಗೆ ಉಳಿದದ್ದು ಆರೇ ವಾರ, ಬೆಲೆಯಲ್ಲಿ ಒಂದು ರೂಪಾಯಿಯ ರಿಯಾಯಿತಿಯೂ ಇರಲಿಲ್ಲ. ಬದಲಾಯಿಸಿಕೊಡಿ ಎಂದು ಮರುದಿನ ಕೇಳಿದ್ದಕ್ಕೆ, "ಎಕ್ಸ್‌ಪೈರಿ ಇನ್ನೂ ಆಗಿಲ್ವಲ್ಲ ಸರ್" ಎಂಬ ಉತ್ತರ ಸಿಕ್ಕಿತು. ಆದ್ದರಿಂದ ಬಿಲ್ ಮಾಡಿಸುವ ಮೊದಲೇ ಬಾಟಲಿಯನ್ನು ತಿರುಗಿಸಿ ದಿನಾಂಕ ಓದಿ, ಮುಚ್ಚಳದ ನಡುಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಟಕ್ ಎಂದು ಒಳಕ್ಕೆ ಹೋಗಿ ಮೇಲೆದ್ದರೆ ಅದರ ಗಾಳಿಬಿಗಿ ಆಗಲೇ ತಪ್ಪಿದೆ ಎಂದರ್ಥ. ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲೇ ಇಡಿ, ಒದ್ದೆ ಚಮಚ ಹಾಕಬೇಡಿ. ಸಂರಕ್ಷಕವಿಲ್ಲದ ಜಾಮಿಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಬರಲು ಹೆಚ್ಚು ದಿನ ಬೇಡ. ಒಂದೇ ಬಾಟಲಿ ಕೊಳ್ಳುವುದಿದ್ದರೆ ಟಾನಿ ಕೊಳ್ಳಿ, ಅದೂ ಅಕ್ಕಿರೊಟ್ಟಿ ಮಾಡುವ ದಿನ.