ಮನೆಮಂದಿಗೆಲ್ಲ ಒಂದು ಮೆಟಲ್ ಡಿಟೆಕ್ಟರ್: ಮೂರು ಬಗೆ ಬೀಸಿ ನೋಡಿದ ಮೇಲೆ

ಮಕ್ಕಳಿಗೆ ಆಟಿಕೆಯಂಥದ್ದು ಸಾಕು, ನನಗೆ ಮಾತ್ರ ದೊಡ್ಡದು ಬೇಕು ಅಂದುಕೊಂಡಿದ್ದೆ. ಎರಡೂ ತಪ್ಪು ಲೆಕ್ಕ.

ಆಟಿಕೆ ಡಿಟೆಕ್ಟರಿನದ್ದು ಸಣ್ಣ ಕಥೆ. ಹಗುರವಾಗಿತ್ತು, ಏಳು ವರ್ಷದ ಮಗ ದಣಿಯದೆ ಬೀಸುತ್ತಿದ್ದ. ಆದರೆ ಮೊಳೆಗೂ ನಾಣ್ಯಕ್ಕೂ ಒಂದೇ ದನಿ. ನಾಲ್ಕು ಬೆರಳು ಆಳಕ್ಕೆ ಹೋದರೆ ಆ ದನಿಯೂ ಇಲ್ಲ. "ಇದಕ್ಕಿಂತ ನನ್ನ ಕಣ್ಣೇ ವಾಸಿ" ಅಂದ. ಎರಡನೇ ವಾರಕ್ಕೆ ಮೂಲೆ ಸೇರಿತು.

ನಿಜವಾದ ಪೈಪೋಟಿ ಇದ್ದದ್ದು ಒಂದೇ ಫ್ರೀಕ್ವೆನ್ಸಿಯ ಸಾಧಾರಣ ಯಂತ್ರಕ್ಕೂ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸುವ ದುಬಾರಿ ಯಂತ್ರಕ್ಕೂ. ಎರಡರ ಮೂಲ ಕೆಲಸ ಒಂದೇ. ಕಾಯಿಲ್, ಅಂದರೆ ತುದಿಯಲ್ಲಿರುವ ತಂತಿಯ ಸುರುಳಿ, ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ ಏಳುತ್ತದೆ, ಅದರ ಮರುದನಿಯನ್ನು ಯಂತ್ರ ಹಿಡಿದು ಅದು ಯಾವ ಬಗೆಯ ವಸ್ತು ಇರಬಹುದು ಎಂದು ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ. ಹಿತ್ತಲಲ್ಲಿ 5, 10, 15, 20 ಸೆಂಟಿಮೀಟರ್ ಆಳಕ್ಕೆ ನಾಣ್ಯ ಹೂತು ನೋಡಿದೆವು. ಸಾಧಾರಣದ್ದು 15ರವರೆಗೆ ಚೆನ್ನಾಗಿ ಹೇಳಿತು. ದುಬಾರಿಯದ್ದು 20ಕ್ಕೂ ಗೊಣಗಿತು. ಇಷ್ಟಕ್ಕೆ ಅಷ್ಟು ದುಡ್ಡಾ ಅನ್ನಿಸಿದ್ದು ಸುಳ್ಳಲ್ಲ.

ಕಡಲತೀರಕ್ಕೆ ಹೋದಾಗ ಮಾತು ಬದಲಾಯಿತು. ಉಪ್ಪುನೀರು ವಿದ್ಯುತ್ ಹರಿಸುತ್ತದಲ್ವಾ, ಒದ್ದೆ ಮರಳೇ ಲೋಹದ ಹಾಗೆ ಕಂಡು ಸಾಧಾರಣ ಯಂತ್ರ ಸುಮ್ಮಸುಮ್ಮನೆ ಕಿರುಚತೊಡಗಿತು. ಸೆನ್ಸಿಟಿವಿಟಿ ಇಳಿಸಿದರೆ ಸುಮ್ಮನಾಗುತ್ತದೆ, ಆದರೆ ಆಳವೂ ಹೋಗುತ್ತದೆ. ದುಬಾರಿಯದ್ದು ಅಲ್ಲಿ ಗಂಭೀರವಾಗಿ ಕೆಲಸ ಮಾಡಿತು. ಒಣ ಮರಳಲ್ಲಿ ಮಾತ್ರ ಇಬ್ಬರೂ ಸಮ.

ತೋಟದಲ್ಲಿ ಮತ್ತೊಂದು ತಮಾಷೆ. ಮಗಳ ಕಾಲಿನ ಹತ್ತಿರ ಬಂದಾಗೆಲ್ಲ ಸಿಗ್ನಲ್. ಮೂರು ಗುಂಡಿ ತೋಡಿದ ಮೇಲೆ ಗೊತ್ತಾಯಿತು, ಅವಳ ಬೂಟಿನ ತುದಿಯಲ್ಲಿ ಉಕ್ಕು ಇತ್ತು! ನಾಚಿಕೊಳ್ಳಬೇಕಾಗಿಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಹೋದ ಗ್ರಹಾಂ ಬೆಲ್‌ಗೂ ಹಾಸಿಗೆಯ ಲೋಹದ ಸ್ಪ್ರಿಂಗುಗಳು ತೊಂದರೆ ಕೊಟ್ಟಿದ್ದವಂತೆ.

ಕಸ ತಪ್ಪಿಸುವ ಸೆಟ್ಟಿಂಗ್ ಎರಡು ಯಂತ್ರದಲ್ಲೂ ಇದೆ. ಬೆಳ್ಳಿ ಹಾಳೆಯ ಚೂರು, ಕ್ಯಾನಿನ ಕೊಕ್ಕೆ ಅಗೆದು ಬೇಸತ್ತು ನಾನು ಅವುಗಳ ಸಂಖ್ಯೆಗಳನ್ನೆಲ್ಲ ಮುಚ್ಚಿಬಿಟ್ಟೆ, ಅಂದರೆ ಆ ಸಂಖ್ಯೆ ಬಂದರೆ ಯಂತ್ರ ದನಿ ಮಾಡದಂತೆ ಮಾಡಿದೆ. ಹೆಂಡತಿಗೆ ಅನುಮಾನ. ತನ್ನ ಚಿನ್ನದ ಉಂಗುರ ಬಿಚ್ಚಿ ಮಣ್ಣಲ್ಲಿಟ್ಟು "ಈಗ ಹುಡುಕಿ" ಅಂದಳು. ಯಂತ್ರ ತುಟಿ ಬಿಚ್ಚಲಿಲ್ಲ. ಎರಡನೆಯದೂ ಅಷ್ಟೇ. ಸಣ್ಣ ಚಿನ್ನದ ಉಂಗುರದ ಸಂಖ್ಯೆ ಇದೇ ಕಸದ ಸಂಖ್ಯೆಗಳ ನಡುವೆ ಬೀಳುತ್ತದೆ. ಇಟ್ಟ ಜಾಗ ಅವಳಿಗೆ ನೆನಪಿತ್ತು, ಬಚಾವ್. ಅಂದಿನಿಂದ ನಾವು ಕಬ್ಬಿಣ ಮಾತ್ರ ಮುಚ್ಚುತ್ತೇವೆ, ಉಳಿದದ್ದೆಲ್ಲ ಅಗೆಯುತ್ತೇವೆ.

ಕೊನೆಗೆ ಉಳಿಸಿಕೊಂಡದ್ದು ಸಾಧಾರಣದ್ದನ್ನೇ. ನಾವು ಕಡಲಿಗೆ ಹೋಗುವುದು ಅಪರೂಪ. ದುಬಾರಿಯದ್ದರ ಭಾರಕ್ಕೆ ಮಗಳ ಕೈ ಹತ್ತೇ ನಿಮಿಷದಲ್ಲಿ ಸೋಲುತ್ತಿತ್ತು. ನಾನು ಬೀಸುತ್ತಾ ಹೋದರೆ ಉಳಿದ ಮೂವರು ಹಿಂದೆ ಸುಮ್ನೆ ನಡೆಯಬೇಕು. ವಾರವಾರ ಒದ್ದೆ ಮರಳಿಗೆ ಇಳಿಯುವವರಾದರೆ ಕಣ್ಣುಮುಚ್ಚಿ ದುಬಾರಿಯದ್ದನ್ನೇ ತೆಗೆದುಕೊಳ್ಳಿ.

ನಮ್ಮ ದುಬಾರಿಯದ್ದನ್ನು ಮಾರಿ ಬಂದ ದುಡ್ಡಿನ ಒಂದು ಪಾಲಿಗೆ ಪಿನ್‌ಪಾಯಿಂಟರ್ ತಂದೆವು. ಕೈಯಲ್ಲಿ ಹಿಡಿಯುವ ಕೋಲು, ಗುಂಡಿಯೊಳಗೆ ವಸ್ತು ಎಲ್ಲಿದೆ ಎಂದು ತೋರಿಸುತ್ತದೆ. ಮೊದಲು ಗುಂಡಿಗೆ ಹತ್ತು ನಿಮಿಷ, ಈಗ ಎರಡು. ಗುಂಡಿಯೂ ಸಣ್ಣದು, ಮುಚ್ಚಿದರೆ ಗುರುತೇ ಸಿಗುವುದಿಲ್ಲ. ಜಮೀನಿನ ಒಡೆಯರು ಎರಡನೇ ಸಲವೂ ಒಳಗೆ ಬಿಡುವುದು ಅದಕ್ಕೇ. ಅವರನ್ನು ಕೇಳದೆ ನಾವು ಎಲ್ಲೂ ಇಳಿಯುವುದಿಲ್ಲ, ಹಳೆಯ ಸ್ಮಾರಕಗಳ ಹತ್ತಿರ ಸುಳಿಯುವುದೇ ಇಲ್ಲ.

ಈಗ ಡಿಟೆಕ್ಟರಿಗಾಗಿ ಮನೆಯಲ್ಲಿ ಜಗಳವಿಲ್ಲ. ಪಿನ್‌ಪಾಯಿಂಟರ್ ಯಾರ ಕೈಗೆ ಅನ್ನುವುದಕ್ಕೆ ಇದೆ. ಇನ್ನೊಂದು ತರಬೇಕು.